ಮೊಬೈಲಿನ ಬ್ರೌಸಿಂಗ್ ಇತಿಹಾಸ ಮತ್ತು ಸೇವಾ ಅರ್ಜಿದಾರರು: ಒಂದು ಅವಲೋಕನ

ಸರ್ಕಾರದ ಸೇವೆಗಳಿಗೆ ಅರ್ಜಿ ಸಲ್ಲಿಸುವ ಕಾರ್ಯವು ಕಚೇರಿಯ ಕಿಟಕಿಯಿಂದ ಮೊಬೈಲಿನ ಪರದೆಗೆ ಸರಿದು ಹಲವು ವರ್ಷಗಳು ಸಂದಿವೆ. ಕಾಗದದ ಅರ್ಜಿಯ ಕಾಲದಲ್ಲಿ ಅರ್ಜಿದಾರರ ಕೈಯಲ್ಲಿ ಮೊಹರು ಬಿದ್ದ ಸ್ವೀಕೃತಿ ಚೀಟಿ ಉಳಿಯುತ್ತಿತ್ತು. ಕಚೇರಿಯ ಟಪಾಲು ವಹಿಯಲ್ಲಿ ಅದಕ್ಕೆ ಸರಿಹೊಂದುವ ಒಂದು ಸಾಲು ಇರುತ್ತಿತ್ತು. ಇಂದು ಅರ್ಜಿಯನ್ನು ಯಾವ ದಿನ, ಯಾವ ಜಾಲತಾಣದಲ್ಲಿ ಸಲ್ಲಿಸಲಾಯಿತು ಎಂಬುದಕ್ಕೆ ಅರ್ಜಿದಾರರ ಬಳಿ ಉಳಿಯುವ ಕುರುಹುಗಳಲ್ಲಿ ಒಂದು, ಅವರ ಮೊಬೈಲಿನ ಬ್ರೌಸರ್ ತಾನಾಗಿಯೇ ಬರೆದಿಟ್ಟುಕೊಳ್ಳುವ ಭೇಟಿಗಳ ಪಟ್ಟಿ. ಇದನ್ನೇ ಬ್ರೌಸಿಂಗ್ ಇತಿಹಾಸ ಅಥವಾ ಹಿಸ್ಟರಿ ಎಂದು ಕರೆಯಲಾಗುತ್ತದೆ.

ಈ ಪಟ್ಟಿಯ ಬಗ್ಗೆ ಸಾರ್ವಜನಿಕರಲ್ಲಿ ಸಾಮಾನ್ಯವಾಗಿ ಕಂಡುಬರುವ ತಿಳಿವಳಿಕೆ ಒಂದೇ: ಅದನ್ನು ಆಗಾಗ ಅಳಿಸುತ್ತಿರಬೇಕು ಎಂಬುದು. ಅಳಿಸುವುದು ಹೇಗೆಂದು ಮನೆಯ ಮಕ್ಕಳೂ ಬಲ್ಲರು. ಓದುವುದು ಹೇಗೆ, ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಮಾತ್ರ ಹೇಳಿಕೊಡುವವರು ವಿರಳ. ಸ್ವೀಕೃತಿ ಸಂಖ್ಯೆ ಕಳೆದುಕೊಂಡ ಅರ್ಜಿದಾರರು, ನಕಲಿ ಜಾಲತಾಣದಲ್ಲಿ ಹಣ ಕಟ್ಟಿದವರು, ಒಂದೇ ಮೊಬೈಲನ್ನು ಇಡೀ ಕುಟುಂಬ ಬಳಸುವ ಮನೆಯವರು, ಈ ಮೂವರಿಗೂ ಈ ಪಟ್ಟಿಯು ಬೇರೆ ಬೇರೆ ರೀತಿಯಲ್ಲಿ ಸಂಬಂಧಪಡುತ್ತದೆ. ಒಬ್ಬರಿಗೆ ಅದು ಆಧಾರ, ಇನ್ನೊಬ್ಬರಿಗೆ ಸಾಕ್ಷ್ಯ, ಮತ್ತೊಬ್ಬರಿಗೆ ಅಪಾಯ. ಆದ್ದರಿಂದ ಅಳಿಸುವ ಮೊದಲು ಓದುವುದನ್ನು ಕಲಿಯುವುದು ಸೂಕ್ತವೆಂಬುದು ಈ ಲೇಖನದ ಅಭಿಪ್ರಾಯ.

ಪಟ್ಟಿಯು ಎಲ್ಲಿರುತ್ತದೆ

ಆಂಡ್ರಾಯ್ಡ್ ಮೊಬೈಲುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಕ್ರೋಮ್ ಬ್ರೌಸರನ್ನು ತೆರೆದು, ಪರದೆಯ ಮೂಲೆಯಲ್ಲಿರುವ ಮೂರು ಚುಕ್ಕೆಗಳನ್ನು ಒತ್ತಿದಲ್ಲಿ ‘ಇತಿಹಾಸ’ ಎಂಬ ಸಾಲು ದೊರೆಯುತ್ತದೆ. ಅದನ್ನು ತೆರೆದಾಗ ಭೇಟಿ ನೀಡಿದ ಪುಟಗಳು ದಿನಾಂಕವಾರು ಕಾಣಿಸುತ್ತವೆ; ತೀರಾ ಈಚಿನದು ಮೇಲೆ, ಹಳೆಯದು ಕೆಳಗೆ. ಪಟ್ಟಿಯ ಮೇಲ್ಭಾಗದಲ್ಲಿರುವ ಭೂತಗನ್ನಡಿಯ ಚಿಹ್ನೆಯನ್ನು ಒತ್ತಿ ‘ಸೇವಾ’, ‘ಪಾಸ್‌ಪೋರ್ಟ್’ ಮುಂತಾದ ಪದವನ್ನು ನಮೂದಿಸಿದರೆ ಸಂಬಂಧಿಸಿದ ಪುಟಗಳಷ್ಟೇ ಉಳಿಯುತ್ತವೆ. ಕನ್ನಡದಲ್ಲಿ ಹುಡುಕಿ ಸಿಗದಿದ್ದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕುವುದು ಒಳಿತು, ಏಕೆಂದರೆ ಪಟ್ಟಿಯಲ್ಲಿರುವುದು ಆಯಾ ಜಾಲತಾಣವು ತನಗೆ ಕೊಟ್ಟುಕೊಂಡ ಶೀರ್ಷಿಕೆ. ಕ್ರೋಮ್ ಈ ಪಟ್ಟಿಯಲ್ಲಿ ತೋರಿಸುವುದು ಕಳೆದ 90 ದಿನಗಳ ಭೇಟಿಗಳನ್ನು ಮಾತ್ರ ಎಂಬುದನ್ನು ಗಮನದಲ್ಲಿಡತಕ್ಕದ್ದು. ಯುಗಾದಿಗೆ ಸಲ್ಲಿಸಿದ ಅರ್ಜಿಯ ಪುಟವನ್ನು ದಸರೆಯ ಹೊತ್ತಿಗೆ ಹುಡುಕಿದರೆ ಅಲ್ಲಿ ಸಿಗಲಾರದು.

ಸ್ಯಾಮ್‌ಸಂಗ್ ಕಂಪನಿಯ ಸ್ವಂತ ಬ್ರೌಸರಿನಲ್ಲಿ ಕೆಳಭಾಗದ ಮೂರು ಗೆರೆಗಳ ಒಳಗೆ, ಫೈರ್‌ಫಾಕ್ಸ್‌ನಲ್ಲಿ ಮೂರು ಚುಕ್ಕೆಗಳ ಒಳಗೆ ಇದೇ ಪಟ್ಟಿ ಇರುತ್ತದೆ. ಐಫೋನಿನ ಸಫಾರಿಯಲ್ಲಿ ತೆರೆದ ಪುಸ್ತಕದ ಚಿಹ್ನೆಯನ್ನು ಒತ್ತಿ, ನಂತರ ಗಡಿಯಾರದ ಚಿಹ್ನೆಯನ್ನು ಆರಿಸಿಕೊಳ್ಳಬೇಕು. ಹೊಸ ಆವೃತ್ತಿಗಳಲ್ಲಿ ಪುಸ್ತಕದ ಚಿಹ್ನೆಯೇ ಮೂರು ಚುಕ್ಕೆಗಳ ಒಳಗೆ ಅಡಗಿರುವುದುಂಟು.

ಇಷ್ಟು ಮಾಡಿಯೂ ಪುಟ ಸಿಗದಿದ್ದಲ್ಲಿ ಗಾಬರಿಗೊಳ್ಳಬೇಕಾಗಿಲ್ಲ. ಫೇಸ್‌ಬುಕ್‌ನಂತಹ ಆ್ಯಪ್‌ನಲ್ಲಿ ಬಂದ ಕೊಂಡಿಯನ್ನು ಒತ್ತಿದಾಗ ಪುಟವು ಅನೇಕ ವೇಳೆ ಕ್ರೋಮ್‌ನಲ್ಲಿ ತೆರೆಯದೆ, ಆ ಆ್ಯಪ್‌ನ ಒಳಗಿನ ಸಣ್ಣ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಅಂತಹ ಭೇಟಿ ಕ್ರೋಮ್‌ನ ಪಟ್ಟಿಗೆ ಬರುವುದಿಲ್ಲ. ಫೇಸ್‌ಬುಕ್ 2024ರಿಂದ ಇಂತಹ ಕೊಂಡಿಗಳ ಪ್ರತ್ಯೇಕ ಪಟ್ಟಿಯೊಂದನ್ನು ತನ್ನ ಸೆಟ್ಟಿಂಗ್ಸ್‌ನಲ್ಲಿ ಒದಗಿಸಿದೆ. ಅದು 30 ದಿನಗಳಷ್ಟು ಹಿಂದಿನದು. ‘ನಾನು ಮೊಬೈಲಿನಲ್ಲೇ ಅರ್ಜಿ ಹಾಕಿದ್ದೆ, ಹಿಸ್ಟರಿಯಲ್ಲಿ ಮಾತ್ರ ಇಲ್ಲ’ ಎಂದು ಹೇಳುವ ಅರ್ಜಿದಾರರ ಮಾತನ್ನು ಅನುಮಾನಿಸುವ ಮೊದಲು ಕೊಂಡಿ ಎಲ್ಲಿಂದ ಬಂದಿತ್ತೆಂದು ಕೇಳುವುದು ಉಚಿತ. ಇನ್ನು ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಸೈಬರ್ ಸೆಂಟರಿನಲ್ಲಿ ಸಲ್ಲಿಸಿದ ಅರ್ಜಿಯ ಜಾಡು ಅಲ್ಲಿನ ಗಣಕಯಂತ್ರದಲ್ಲಿ ಇರುತ್ತದೆಯೇ ಹೊರತು ತಮ್ಮ ಮೊಬೈಲಿನಲ್ಲಿ ಅಲ್ಲ. ಅಂತಹವರಿಗೆ ಎಸ್.ಎಂ.ಎಸ್. ಸಂದೇಶ ಮತ್ತು ಮುದ್ರಿತ ಸ್ವೀಕೃತಿಯೇ ಆಧಾರ.

ಪಟ್ಟಿಯು ಏನನ್ನು ಹೇಳುತ್ತದೆ

ಬ್ರೌಸಿಂಗ್ ಇತಿಹಾಸವು ಪುಟದ ಶೀರ್ಷಿಕೆ, ವಿಳಾಸ ಮತ್ತು ಭೇಟಿಯ ಕಾಲವನ್ನು ದಾಖಲಿಸುತ್ತದೆ. ನಮೂನೆಯಲ್ಲಿ ಭರ್ತಿ ಮಾಡಿದ ವಿವರಗಳು ಅದರಲ್ಲಿ ಇರುವುದಿಲ್ಲ. ಅರ್ಜಿಯು ಯಶಸ್ವಿಯಾಗಿ ಸಲ್ಲಿಕೆಯಾಯಿತೇ, ಅರ್ಧಕ್ಕೇ ನಿಂತಿತೇ ಎಂಬುದೂ ತಿಳಿಯುವುದಿಲ್ಲ. ಪಟ್ಟಿಯಿಂದ ಅರ್ಜಿಯ ಪುಟವನ್ನು ಮತ್ತೆ ತೆರೆದರೆ ಬಹುತೇಕ ‘ಅವಧಿ ಮುಗಿದಿದೆ’ ಎಂಬ ಸೂಚನೆ ಬರುತ್ತದೆ. ಇದರಿಂದ ಅರ್ಜಿ ರದ್ದಾಗಿದೆಯೆಂದು ಭಾವಿಸಿ ಎರಡನೆಯ ಬಾರಿ ಶುಲ್ಕ ಕಟ್ಟುವುದು ಬೇಡ. ಲಾಗಿನ್ ಅವಧಿ ಮುಗಿದಿದೆ ಎಂಬುದಷ್ಟೇ ಅದರ ಅರ್ಥ.

ಹಾಗಾದರೆ ಉಪಯೋಗವೇನು? ಮೊದಲನೆಯದಾಗಿ ದಿನಾಂಕ. ಅರ್ಜಿ ಹಾಕಿದ ದಿನ ತಿಳಿದರೆ ಆ ದಿನದ ಎಸ್.ಎಂ.ಎಸ್. ಸಂದೇಶಗಳಲ್ಲಿ, ಮೊಬೈಲಿನ ‘ಡೌನ್‌ಲೋಡ್‌ಗಳು’ ಕಡತದಲ್ಲಿ, ಬ್ಯಾಂಕಿನ ಪಾವತಿ ವಿವರದಲ್ಲಿ ಹುಡುಕುವುದು ಸುಲಭ. ಸಕಾಲ ವ್ಯಾಪ್ತಿಯ ಸೇವೆಗಳಿಗೆ ಕೊಡಲಾಗುವ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆಯು ಹೀಗೆ ಎಷ್ಟೋ ಬಾರಿ ಮರಳಿ ದೊರೆಯುತ್ತದೆ. ಈ ಸಂಖ್ಯೆ ಚಿಕ್ಕ ಸಂಗತಿಯಲ್ಲ. 2011ರ ಸಕಾಲ ಕಾಯ್ದೆಯನ್ವಯ ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚ ಪಡೆಯಲು, ಮೇಲ್ಮನವಿ ಸಲ್ಲಿಸಲು ಆ ಸಂಖ್ಯೆಯೇ ಬೇಕು. ಮೊತ್ತ ಅಲ್ಪವೆನಿಸಬಹುದು, ವಿಳಂಬವನ್ನು ಪ್ರಶ್ನಿಸುವ ಹಕ್ಕು ಅಲ್ಪವಲ್ಲ.

ಎರಡನೆಯದು ವಿಳಾಸ. ಮೊಬೈಲಿನ ಪಟ್ಟಿಯಲ್ಲಿ ಪ್ರತಿ ಶೀರ್ಷಿಕೆಯ ಕೆಳಗೆ ಸಣ್ಣ ಅಕ್ಷರಗಳಲ್ಲಿ ಜಾಲತಾಣದ ಹೆಸರು ಇರುತ್ತದೆ. ಶೀರ್ಷಿಕೆಯನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಬರೆದುಕೊಳ್ಳಬಹುದು. ‘ಕರ್ನಾಟಕ ಸರ್ಕಾರ’ ಎಂದು ಬರೆದುಕೊಂಡ ಮಾತ್ರಕ್ಕೆ ಅದು ಸರ್ಕಾರದ್ದಾಗುವುದಿಲ್ಲ. ಜಾಲತಾಣದ ಹೆಸರನ್ನು ಹಿಂದಿನಿಂದ ಓದಬೇಕು. ಮೊದಲ ಓರೆಗೆರೆಗಿಂತ ಮುಂಚಿನ ಭಾಗವು ‘ಡಾಟ್ ಜಿಒವಿ ಡಾಟ್ ಇನ್’ ಅಥವಾ ‘ಡಾಟ್ ಎನ್ಐಸಿ ಡಾಟ್ ಇನ್’ ಎಂದು ಕೊನೆಗೊಂಡಿದ್ದಲ್ಲಿ ಅದು ಸರ್ಕಾರಿ ಸಂಸ್ಥೆಗಳಿಗಷ್ಟೇ ನೀಡಲಾಗುವ ಹೆಸರು. ಸೇವಾಸಿಂಧುವಿಗೆ ಒಂದಕ್ಕಿಂತ ಹೆಚ್ಚು ವಿಳಾಸಗಳಿವೆ. ಗ್ಯಾರಂಟಿ ಯೋಜನೆಗಳಿಗಾಗಿ 2023ರಲ್ಲಿ ಪ್ರತ್ಯೇಕ ವಿಳಾಸವನ್ನೇ ತೆರೆಯಲಾಯಿತು. ಆದರೆ ಎಲ್ಲವೂ ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಎಂದೇ ಮುಗಿಯುತ್ತವೆ. ಇದೇ ಪದಗಳು ನಡುವೆ ಬಂದು, ಕೊನೆಯಲ್ಲಿ ‘ಡಾಟ್ ಕಾಮ್’, ‘ಡಾಟ್ ಆರ್ಗ್’ ಇತ್ಯಾದಿ ಇದ್ದರೆ ಅನುಮಾನಿಸತಕ್ಕದ್ದು. ಪಾಸ್‌ಪೋರ್ಟ್ ಅರ್ಜಿದಾರರಿಂದ ದುಬಾರಿ ಶುಲ್ಕ ವಸೂಲು ಮಾಡುತ್ತಿದ್ದ ಇಂತಹ ಹಲವು ವಿಳಾಸಗಳ ಪಟ್ಟಿಯನ್ನು ವಿದೇಶಾಂಗ ಸಚಿವಾಲಯವೇ ಪ್ರಕಟಿಸಿ ಎಚ್ಚರಿಸಿದೆ. ಬ್ಯಾಂಕುಗಳ ವಿಷಯದಲ್ಲಿ ಭಾರತೀಯ ರಿಸರ್ವ್ ಬ್ಯಾಂಕು 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಾಗಬೇಕೆಂದು ಸೂಚಿಸಿದ್ದೂ ಇದೇ ಕಾರಣಕ್ಕೆ.

ವಿಳಾಸದ ಪಕ್ಕದಲ್ಲಿ ಬೀಗದ ಚಿಹ್ನೆ ಇದ್ದರೆ ಸಾಕು ಎಂಬ ಹಳೆಯ ಸಲಹೆಯನ್ನು ಈಗ ಕೈಬಿಡಬೇಕಾಗಿದೆ. ತಮ್ಮ ಮತ್ತು ಆ ತಾಣದ ನಡುವೆ ಮಾಹಿತಿಯು ಗೂಢಲಿಪಿಯಲ್ಲಿ ಹರಿಯುತ್ತದೆ ಎಂಬುದನ್ನಷ್ಟೇ ಬೀಗವು ಹೇಳುತ್ತಿತ್ತು. ಆಚೆ ಬದಿಯಲ್ಲಿ ಕುಳಿತವರು ಪ್ರಾಮಾಣಿಕರೆಂದು ಅಲ್ಲ. ಜನರು ತಪ್ಪಾಗಿ ತಿಳಿಯುತ್ತಾರೆಂಬ ಕಾರಣಕ್ಕೇ ಕ್ರೋಮ್ 2023ರಲ್ಲಿ ಆ ಚಿಹ್ನೆಯನ್ನು ಬದಲಿಸಿತು.

ಮೋಸ ಹೋದಾಗ

ನಕಲಿ ತಾಣದಲ್ಲಿ ಹಣ ಕಳೆದುಕೊಂಡವರು ಮಾಡುವ ಮೊದಲ ಕೆಲಸ, ದುರದೃಷ್ಟವಶಾತ್, ಹಿಸ್ಟರಿಯನ್ನು ಅಳಿಸುವುದು. ಮನೆಯವರಿಗೆ ಗೊತ್ತಾದೀತೆಂಬ ಸಂಕೋಚ ಒಂದು ಕಡೆ, ಅಳಿಸಿದರೆ ಮೊಬೈಲು ‘ಶುದ್ಧ’ವಾಗುತ್ತದೆಂಬ ನಂಬಿಕೆ ಇನ್ನೊಂದು ಕಡೆ. ಎರಡೂ ಅರ್ಥವಾಗುವಂತಹವೇ. ಆದರೆ ಅಳಿಸಿದ್ದರಿಂದ ಹೋದ ಹಣ ಮರಳುವುದಿಲ್ಲ, ಮೊಬೈಲಿನಲ್ಲಿ ಸೇರಿಕೊಂಡ ದುಷ್ಟ ಆ್ಯಪ್ ಹೊರಹೋಗುವುದೂ ಇಲ್ಲ. ಹೋಗುವುದು ಸಾಕ್ಷ್ಯ ಮಾತ್ರ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು ಸ್ಮಾರ್ಟ್‌ಫೋನಿನಲ್ಲಿರುವ ವಿದ್ಯುನ್ಮಾನ ದಾಖಲೆಗಳು, ಸಂದೇಶಗಳು, ಜಾಲತಾಣಗಳು ಇವುಗಳನ್ನು ‘ದಸ್ತಾವೇಜು’ ಎಂಬ ಪದದ ವ್ಯಾಪ್ತಿಗೆ ಸ್ಪಷ್ಟವಾಗಿ ಸೇರಿಸಿದೆ. ನ್ಯಾಯಾಲಯದಲ್ಲಿ ಅವುಗಳನ್ನು ಹಾಜರುಪಡಿಸಲು 63ನೇ ಪ್ರಕರಣದನ್ವಯ ಪ್ರಮಾಣಪತ್ರ ಮುಂತಾದ ವಿಧಿವಿಧಾನಗಳಿವೆ. ಅದನ್ನು ತನಿಖಾಧಿಕಾರಿಗಳು ನೋಡಿಕೊಳ್ಳುತ್ತಾರೆ. ದೂರುದಾರರು ಮಾಡಬೇಕಾದುದು ಇಷ್ಟೇ: ಸಂಬಂಧಿಸಿದ ಸಾಲನ್ನು ಮತ್ತೆ ತೆರೆಯದೆ, ಅದರ ಮೇಲೆ ಬೆರಳನ್ನು ಒತ್ತಿ ಹಿಡಿದು ಕೊಂಡಿಯನ್ನು ನಕಲಿಸಿಕೊಳ್ಳುವುದು, ಪರದೆಯ ಚಿತ್ರವನ್ನು ಉಳಿಸಿಕೊಳ್ಳುವುದು ಮತ್ತು ವಿಳಂಬವಿಲ್ಲದೆ 1930 ಸಂಖ್ಯೆಗೆ ಕರೆ ಮಾಡುವುದು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸುವುದು. ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ಜಿಗಿಯುವ ಮೊದಲೇ ತಡೆಹಿಡಿಯಬೇಕಾದ್ದರಿಂದ ಇಲ್ಲಿ ದಿನಗಳಲ್ಲ, ಗಂಟೆಗಳು ಮುಖ್ಯ.

ಇದೇ ಸಂದರ್ಭದಲ್ಲಿ ಡೌನ್‌ಲೋಡ್‌ಗಳ ಪಟ್ಟಿಯನ್ನೂ ನೋಡತಕ್ಕದ್ದು. ಸರ್ಕಾರದ ಸ್ವೀಕೃತಿ, ಪ್ರಮಾಣಪತ್ರಗಳು ಸಾಮಾನ್ಯವಾಗಿ ಪಿಡಿಎಫ್ ರೂಪದಲ್ಲಿರುತ್ತವೆ. ‘ಎಪಿಕೆ’ ಎಂದು ಕೊನೆಗೊಳ್ಳುವ ಕಡತ ಅಲ್ಲಿದ್ದರೆ ಅದು ದಾಖಲೆಯಲ್ಲ, ಮೊಬೈಲಿಗೆ ಅಳವಡಿಸಲಾಗುವ ಆ್ಯಪ್. ಸಂಚಾರ ದಂಡದ ಚಲನ್ ಎಂಬ ಸೋಗಿನಲ್ಲಿ ಇಂತಹ ಕಡತಗಳು ವಾಟ್ಸ್‌ಆ್ಯಪ್ ಮೂಲಕ ಹರಿದಾಡಿದ್ದು ಈಚಿನ ವರ್ಷಗಳ ಅನುಭವ.

ಒಂದೇ ಮೊಬೈಲು, ಹಲವು ಕೈಗಳು

ಇದುವರೆಗೆ ಹೇಳಿದ್ದು ಇತಿಹಾಸವನ್ನು ಉಳಿಸಿಕೊಳ್ಳುವ ಮಾತು. ಅಳಿಸಲೇಬೇಕಾದ ಸಂದರ್ಭಗಳೂ ಇವೆ, ಮತ್ತು ಅವು ಲಘುವಾದವಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮದಡಿ ಪರಿಹಾರ ಹೇಗೆ ಪಡೆಯಬೇಕೆಂದು ಹುಡುಕುವ ಮಹಿಳೆಯ ಕೈಯಲ್ಲಿರುವ ಮೊಬೈಲು ಎಷ್ಟೋ ಮನೆಗಳಲ್ಲಿ ಆಕೆಯದಾಗಿರುವುದಿಲ್ಲ. ಯಾರ ವಿರುದ್ಧ ರಕ್ಷಣೆ ಕೋರಬೇಕೋ ಅವರದೇ ಆಗಿರುತ್ತದೆ. ಆ ಪಟ್ಟಿಯ ಒಂದು ಸಾಲು ಸಾಕು. ಇಂತಹ ಸ್ಥಿತಿಯಲ್ಲಿ ಇಡೀ ಇತಿಹಾಸವನ್ನು ಅಳಿಸಿದರೆ ಖಾಲಿ ಪಟ್ಟಿಯೇ ಸಂಶಯಕ್ಕೆ ಎಡೆಮಾಡಿಕೊಡಬಹುದು. ಸಂಬಂಧಿಸಿದ ಸಾಲುಗಳನ್ನು ಮಾತ್ರ ಆರಿಸಿ ತೆಗೆಯಲು ಎಲ್ಲ ಪ್ರಮುಖ ಬ್ರೌಸರುಗಳಲ್ಲೂ ಅವಕಾಶವಿದೆ. 181 ಮಹಿಳಾ ಸಹಾಯವಾಣಿಗೆ ಮಾಡಿದ ಕರೆಯು ಕರೆಗಳ ಪಟ್ಟಿಯಲ್ಲಿ ಉಳಿಯುತ್ತದೆ ಎಂಬುದನ್ನೂ ನೆನಪಿಡಬೇಕು. ಸಾಧ್ಯವಿದ್ದಲ್ಲಿ ನಂಬಿಕಸ್ಥರ ಬೇರೊಂದು ಮೊಬೈಲನ್ನು ಬಳಸುವುದೇ ಹೆಚ್ಚು ಸುರಕ್ಷಿತ.

ಒಂದೇ ಗೂಗಲ್ ಖಾತೆಯನ್ನು ಎರಡು ಮೊಬೈಲುಗಳಲ್ಲಿ ತೆರೆದಿಟ್ಟು ಇತಿಹಾಸದ ಸಿಂಕ್ ಚಾಲೂ ಇದ್ದಲ್ಲಿ ಒಂದರಲ್ಲಿ ನೋಡಿದ್ದು ಇನ್ನೊಂದರ ಪಟ್ಟಿಯಲ್ಲೂ ಕಾಣಿಸಿಕೊಳ್ಳುತ್ತದೆ. ಮಗನ ಖಾತೆಯಲ್ಲಿ ತಂದೆಯ ಮೊಬೈಲನ್ನು ಸಿದ್ಧಪಡಿಸಿಕೊಟ್ಟಿರುವ ಮನೆಗಳು ನಮ್ಮಲ್ಲಿ ಅನೇಕ. ತಂದೆಯವರು ಯಾವ ಕಾಯಿಲೆಯ ಬಗ್ಗೆ ಹುಡುಕಿದರೆಂಬುದು ಬೆಂಗಳೂರಿನಲ್ಲಿರುವ ಮಗನಿಗೆ ಹೀಗೆ ತಿಳಿದುಬಿಡುತ್ತದೆ. ಅದು ಒಳಿತೇ ಕೆಡುಕೇ ಎಂಬುದನ್ನು ಆ ಇಬ್ಬರೇ ತೀರ್ಮಾನಿಸಿಕೊಳ್ಳಬೇಕು.

ಸೈಬರ್ ಸೆಂಟರಿನ ಗಣಕಯಂತ್ರದಲ್ಲಿ ಅರ್ಜಿ ಭರ್ತಿ ಮಾಡುವವರು ಅಜ್ಞಾತ ಟ್ಯಾಬ್ ಬಳಸುವುದು ಸೂಕ್ತ. ಅದನ್ನು ಮುಚ್ಚಿದೊಡನೆ ಆ ಯಂತ್ರದಲ್ಲಿ ಭೇಟಿಯ ಪಟ್ಟಿ ಉಳಿಯುವುದಿಲ್ಲ. ಆದರೆ ಡೌನ್‌ಲೋಡ್ ಮಾಡಿದ ಆಧಾರ್ ಪ್ರತಿ, ಆದಾಯ ಪ್ರಮಾಣಪತ್ರ ಮುಂತಾದವು ಅಲ್ಲಿಯೇ ಉಳಿಯುತ್ತವೆ. ಅವುಗಳನ್ನು ಪ್ರತ್ಯೇಕವಾಗಿ ಅಳಿಸಬೇಕು. ‘ಅಜ್ಞಾತ’ ಎಂಬ ಹೆಸರೇ ಸ್ವಲ್ಪ ದಾರಿತಪ್ಪಿಸುವಂತಹದು. ಅಮೆರಿಕದ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ 2020ರಲ್ಲಿ ಗೂಗಲ್ ಕಂಪನಿಯ ವಿರುದ್ಧ ದಾಖಲಾದ ಮೊಕದ್ದಮೆಯ ವಾದವೂ ಇದೇ ಆಗಿತ್ತು: ಅಜ್ಞಾತ ಟ್ಯಾಬ್‌ನಲ್ಲಿದ್ದಾಗಲೂ ಬಳಕೆದಾರರ ಮಾಹಿತಿ ಸಂಗ್ರಹವಾಗುತ್ತಿತ್ತು ಎಂಬುದು. 2024ರ ಏಪ್ರಿಲ್‌ನಲ್ಲಿ ಬಹಿರಂಗಗೊಂಡ ರಾಜಿ ಒಪ್ಪಂದದ ಪ್ರಕಾರ ಕಂಪನಿಯು ಶತಕೋಟಿಗಟ್ಟಲೆ ದಾಖಲೆಗಳನ್ನು ನಾಶಪಡಿಸಲು ಮತ್ತು ಬಳಕೆದಾರರಿಗೆ ತೋರಿಸುವ ಸೂಚನೆಯನ್ನು ಇನ್ನಷ್ಟು ಸ್ಪಷ್ಟಪಡಿಸಲು ಒಪ್ಪಿತು.

ಬೇರೆಯವರ ಬಳಿ ಉಳಿಯುವ ಪಟ್ಟಿಗಳು

ಮೊಬೈಲಿನಲ್ಲಿರುವುದು ಒಂದು ಪ್ರತಿ ಮಾತ್ರ. ಗೂಗಲ್ ಖಾತೆಯ ‘ನನ್ನ ಚಟುವಟಿಕೆ’ ಎಂಬ ಪುಟದಲ್ಲಿ ಹುಡುಕಾಟಗಳ ಮತ್ತು, ಆಯ್ಕೆ ಚಾಲೂ ಇದ್ದಲ್ಲಿ, ಕ್ರೋಮ್ ಭೇಟಿಗಳ ಪಟ್ಟಿಯು ಗಂಟೆ ನಿಮಿಷದ ಸಹಿತ ಇರುತ್ತದೆ. 2020ರ ನಂತರ ತೆರೆದ ಹೊಸ ಖಾತೆಗಳಲ್ಲಿ ಇದು 18 ತಿಂಗಳಿಗೆ ತಾನಾಗಿ ಅಳಿಯುವಂತೆ ನಿಗದಿಯಾಗಿದೆ. ಹಳೆಯ ಖಾತೆಯವರು ತಾವೇ ಪರಿಶೀಲಿಸಿಕೊಳ್ಳಬೇಕು. ದೂರಸಂಪರ್ಕ ಇಲಾಖೆಯು 2021ರ ಡಿಸೆಂಬರ್‌ನಲ್ಲಿ ಮಾಡಿದ ಪರವಾನಗಿ ತಿದ್ದುಪಡಿಯನ್ವಯ ದೂರವಾಣಿ ಹಾಗೂ ಅಂತರ್ಜಾಲ ಸೇವಾ ಕಂಪನಿಗಳು ಸಂಪರ್ಕ ವಿವರಗಳನ್ನು ಕನಿಷ್ಠ ಎರಡು ವರ್ಷ ಕಾಯ್ದಿರಿಸಬೇಕು. ಸರ್ಕಾರಿ ಜಾಲತಾಣಗಳೂ ಇದಕ್ಕೆ ಹೊರತಲ್ಲ. ಅವುಗಳ ಅಡಿಭಾಗದಲ್ಲಿ ಯಾರೂ ಓದದ ‘ಗೌಪ್ಯತಾ ನೀತಿ’ ಎಂಬ ಕೊಂಡಿ ಇರುತ್ತದೆ. ಭೇಟಿ ನೀಡಿದವರ ಐಪಿ ವಿಳಾಸ, ಬ್ರೌಸರಿನ ವಿಧ, ದಿನಾಂಕ, ನೋಡಿದ ಪುಟ ಮುಂತಾದವು ದಾಖಲಾಗುತ್ತವೆಂದು ಅಲ್ಲಿ ಸಾಮಾನ್ಯವಾಗಿ ತಿಳಿಸಲಾಗಿರುತ್ತದೆ.

ಇವೆಲ್ಲದರ ಮೇಲೆ ನಾಗರಿಕರಿಗಿರುವ ಹಕ್ಕಿನ ಮೂಲವು 2017ರ ಆಗಸ್ಟ್ 24ರ ತೀರ್ಪಿನಲ್ಲಿದೆ. ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಘೋಷಿಸಿದ ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹೂಡಿದಾಗ ಅವರ ವಯಸ್ಸು ಎಂಬತ್ತೈದನ್ನು ದಾಟಿತ್ತು. 2024ರಲ್ಲಿ ಅವರು ನಿಧನರಾದರು.

ತೀರ್ಪಿನ ತರುವಾಯ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ತನ್ನ ಬಗ್ಗೆ ಯಾವ ಮಾಹಿತಿ ಸಂಗ್ರಹವಾಗಿದೆಯೆಂದು ಕೇಳುವ, ತಿದ್ದಿಸುವ, ಅಳಿಸುವಂತೆ ಕೋರುವ ಮತ್ತು ಕುಂದುಕೊರತೆ ಸಲ್ಲಿಸುವ ಹಕ್ಕುಗಳನ್ನು ನಾಗರಿಕರಿಗೆ ನೀಡುತ್ತದೆ. ಸಮ್ಮತಿ ಕೋರುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿಯೂ, ಓದುವ ಆಯ್ಕೆ ಕೊಡಬೇಕೆಂದು 5ನೇ ಪ್ರಕರಣವು ವಿಧಿಸುತ್ತದೆ. ಅದೇ ಕಾಲಕ್ಕೆ ಸಹಾಯಧನ, ಪ್ರಮಾಣಪತ್ರ, ಪರವಾನಗಿ ಮುಂತಾದ ಸೇವೆಗಳನ್ನು ನೀಡುವಾಗ ಸರ್ಕಾರವು ನಿಗದಿತ ಷರತ್ತುಗಳಿಗೊಳಪಟ್ಟು ಹೊಸದಾಗಿ ಸಮ್ಮತಿ ಪಡೆಯದೆಯೂ ಮಾಹಿತಿಯನ್ನು ಬಳಸಲು 7ನೇ ಪ್ರಕರಣವು ಅವಕಾಶ ನೀಡಿದೆ. 17ನೇ ಪ್ರಕರಣದಲ್ಲಿ ಇನ್ನೂ ಕೆಲವು ವಿನಾಯಿತಿಗಳಿವೆ. ಈ ವಿನಾಯಿತಿಗಳು ಅತಿ ವಿಸ್ತಾರವಾದವೆಂಬ ಟೀಕೆ ವ್ಯಾಪಕವಾಗಿ ಕೇಳಿಬಂದಿದೆ. ಸೇವೆ ಕೋರುವವರಿಗೇ ಅದು ಹೆಚ್ಚಾಗಿ ಅನ್ವಯಿಸುವುದರಿಂದ ಈ ಪುಟದಲ್ಲಿ ಅದನ್ನು ಹೇಳದೆ ಬಿಡುವುದು ನ್ಯಾಯವಾಗಲಾರದು.

ಸದರಿ ಅಧಿನಿಯಮದ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಲಾಗಿದೆ. ಮಂಡಳಿಯ ರಚನೆಗೆ ಸಂಬಂಧಿಸಿದ ಅಂಶಗಳು ಕೂಡಲೇ ಜಾರಿಗೆ ಬಂದಿವೆ. ಸೂಚನೆ, ಸಮ್ಮತಿ, ಅಳಿಸುವಿಕೆ ಮುಂತಾದ ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಗಿರುವುದರಿಂದ ಅವು ಅನ್ವಯವಾಗುವುದು 2027ರ ಮೇ ತಿಂಗಳಿನಿಂದ. ಬೇರೆಯವರ ಬಳಿಯಿರುವ ಪಟ್ಟಿಯನ್ನು ತೋರಿಸಿರೆಂದು ಈ ಅಧಿನಿಯಮದಡಿ ಕೇಳುವ ಕಾಲ ಅಲ್ಲಿಂದ ಆರಂಭವಾಗುತ್ತದೆ. ತಮ್ಮ ಮೊಬೈಲಿನಲ್ಲಿರುವ ಪಟ್ಟಿಯನ್ನು ನೋಡಲು ಯಾವ ಅಧಿಸೂಚನೆಯೂ ಬೇಕಾಗಿಲ್ಲ. ಅರ್ಜಿ ಸಲ್ಲಿಸಿದ ದಿನವೇ ಸ್ವೀಕೃತಿಯ ಪರದೆಯ ಚಿತ್ರವನ್ನು ಉಳಿಸಿಕೊಂಡು, ಅದರ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಅಂಚಿನಲ್ಲಾದರೂ ಬರೆದಿಟ್ಟುಕೊಳ್ಳುವಂತೆ ಅರ್ಜಿದಾರರನ್ನು ಕೋರಲಾಗಿದೆ.